ಸಂದನ್ನು ಮುಚ್ಚಬೇಕಾ, ತೋರಿಸಬೇಕಾ? ವೆಗ್ನರ್ ಅವರ ದುಂಡು ಕುರ್ಚಿಯ ಒಂದು ದುರಸ್ತಿ ಪ್ರಕರಣ

ಕೋಪನ್‌ಹೇಗನ್ ಹತ್ತಿರದ ಒಂದು ಸಣ್ಣ ದುರಸ್ತಿ ಕಾರ್ಯಾಗಾರಕ್ಕೆ ಬಂದ ಒಂದು ಕುರ್ಚಿಯ ಪ್ರಕರಣ ಇದು. ನಾನು ಅಲ್ಲಿ ಕೆಲಸ ಮಾಡುವವರಲ್ಲಿ ಒಬ್ಬ. ಮಾಲೀಕರು ಯಾರು, ಕಾರ್ಯಾಗಾರ ಯಾವುದು, ಕುರ್ಚಿ ಕೊನೆಗೆ ಯಾರ ಮನೆ ಸೇರಿತು ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಬರೆಯೋಕೆ ಒಪ್ಪಿಗೆ ಸಿಕ್ಕಿದ್ದೇ ಆ ಷರತ್ತಿನ ಮೇಲೆ. ಆದರೆ ಕುರ್ಚಿಯನ್ನು ರೂಪಿಸಿದವರ ಹೆಸರು ಹೇಳಲೇಬೇಕು. ಅದು ಗೊತ್ತಿಲ್ಲದಿದ್ದರೆ ನಾವು ತೆಗೆದುಕೊಂಡ ಒಂದು ನಿರ್ಧಾರಕ್ಕೂ ಅರ್ಥ ಇರುವುದಿಲ್ಲ.

ಹಿನ್ನೆಲೆ

ಕುರ್ಚಿಯನ್ನು ರೂಪಿಸಿದವರು ಡೆನ್ಮಾರ್ಕ್‌ನ ಹಾನ್ಸ್ ವೆಗ್ನರ್. ಅವರು ಹುಟ್ಟಿದ್ದು 1914ರಲ್ಲಿ, ಟೊಂಡರ್ ಎಂಬ ಊರಲ್ಲಿ. ಆಗ ಆ ಊರು ಜರ್ಮನಿಯ ಕೈಯಲ್ಲಿತ್ತು, ಡೆನ್ಮಾರ್ಕ್‌ಗೆ ವಾಪಸ್ ಬಂದದ್ದು 1920ರಲ್ಲಿ. ಅಪ್ಪ ಚಪ್ಪಲಿ ಹೊಲಿಯುವವರು. ಹುಡುಗ ಮಾತ್ರ ಮರದ ಕಡೆ ಹೋದ. ಊರಿನ ಬಡಗಿಯೊಬ್ಬರ ಹತ್ತಿರ ಕೆಲಸ ಕಲಿತು, 17ನೇ ವಯಸ್ಸಿಗೇ ಪೂರ್ತಿ ಬಡಗಿ ಅನ್ನಿಸಿಕೊಂಡ. ಓದು ಬಂದದ್ದು ಆಮೇಲೆ. 1936ರಿಂದ 1938ರವರೆಗೆ ಕೋಪನ್‌ಹೇಗನ್‌ನ ಕಲೆ ಮತ್ತು ಕುಶಲಕಲೆ ಶಾಲೆ. ಅದಾದ ಮೇಲೆ ಆರ್ಹೂಸ್ ನಗರಸಭೆಯ ಹೊಸ ಕಟ್ಟಡಕ್ಕೆ ಪೀಠೋಪಕರಣ ಮಾಡುವ ಕೆಲಸ. ಆ ಕಟ್ಟಡ ವಾಸ್ತುಶಿಲ್ಪಿಗಳಾದ ಆರ್ನೆ ಯಾಕೊಬ್ಸೆನ್ ಮತ್ತು ಎರಿಕ್ ಮೊಲ್ಲರ್ ಅವರದ್ದು. 1943ರಲ್ಲಿ ಸ್ವಂತ ಕಚೇರಿ. 2007ರಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಐನೂರಕ್ಕೂ ಜಾಸ್ತಿ ಕುರ್ಚಿಗಳನ್ನು ರೂಪಿಸಿದ್ದರು.

ಕೈಯಲ್ಲಿ ಉಳಿ ಹಿಡಿದು ಶುರು ಮಾಡಿದವರು ಅನ್ನೋದು ಅವರ ಕುರ್ಚಿಗಳಲ್ಲಿ ಎದ್ದು ಕಾಣುತ್ತದೆ. ಮರ ಎಲ್ಲಿ ಸೀಳುತ್ತದೆ, ಎಲ್ಲಿ ಬಾಗುತ್ತದೆ ಅಂತ ಅವರಿಗೆ ಕಾಗದದ ಮೇಲೆ ಗೆರೆ ಎಳೆಯುವಾಗಲೇ ಗೊತ್ತಿರುತ್ತಿತ್ತು.

1949 ಅವರ ಬದುಕಿನ ದೊಡ್ಡ ವರ್ಷ. ಆ ಒಂದೇ ವರ್ಷದಲ್ಲಿ ಎರಡು ಕುರ್ಚಿಗಳನ್ನು ಎರಡು ಬೇರೆ ಬೇರೆ ದಾರಿಯಲ್ಲಿ ಮಾಡಿದರು. ಒಂದು ಓಡೆನ್ಸ ಊರಿನ ಕಾರ್ಲ್ ಹಾನ್ಸೆನ್ ಅಂಡ್ ಸನ್ ಕಾರ್ಖಾನೆಗೆ. ಬೆನ್ನಲ್ಲಿ 'ವೈ' ಆಕಾರದ ಪಟ್ಟಿ ಇರುವ, ಕಾಗದದ ಹುರಿ ಹೆಣೆದ ಕುರ್ಚಿ ಅದು, ಎಲ್ಲೋ ನೋಡಿರುತ್ತೀರಿ. 1950ರಿಂದ ಇವತ್ತಿನವರೆಗೂ ತಯಾರಾಗುತ್ತಲೇ ಇದೆ. ಅದರ ಮೇಲಿನ ದುಂಡು ಪಟ್ಟಿಯನ್ನು ಹಬೆಯಲ್ಲಿ ಮೆತ್ತಗೆ ಮಾಡಿ ಬಗ್ಗಿಸುತ್ತಾರೆ, ಒಂದೇ ತುಂಡು. ಅಂದ್ರೆ ಅಲ್ಲಿ ತುಂಡುಗಳು ಕೂಡುವ ಸಂದೇ ಇಲ್ಲ. ಇನ್ನೊಂದು ಯೊಹಾನೆಸ್ ಹಾನ್ಸೆನ್ ಅವರ ಕೋಪನ್‌ಹೇಗನ್ ಕಾರ್ಯಾಗಾರಕ್ಕೆ. ಅಲ್ಲಿ ಕೆಲವೇ ನುರಿತ ಬಡಗಿಗಳು ಕೈಯಿಂದ ಮಾಡುತ್ತಿದ್ದರು. ಅದೇ ದುಂಡು ಕುರ್ಚಿ, ಮಾದರಿ ಸಂಖ್ಯೆ ಜೆಎಚ್501. ಇದರಲ್ಲಿ ಬೆನ್ನು ಮತ್ತು ಎರಡು ತೋಳು ಸೇರಿ ಒಂದು ಅರ್ಧ ಸುತ್ತು. ಆದರೆ ಅದು ಒಂದು ತುಂಡಲ್ಲ, ಮೂರು. ಗಟ್ಟಿ ಮರದಿಂದ ಕೆತ್ತಿ ತೆಗೆದ ಮೂರು ತುಂಡು, ಎರಡು ಸಂದು.

ಈ ಎರಡು ಸಂದುಗಳದ್ದೇ ಇಲ್ಲಿ ಎಲ್ಲ ಕಥೆ.

1949ರ ಕೋಪನ್‌ಹೇಗನ್ ಬಡಗಿ ಸಂಘದ ಪ್ರದರ್ಶನದಲ್ಲಿ ಕುರ್ಚಿ ಮೊದಲ ಸಲ ಜನರ ಮುಂದೆ ಬಂದಾಗ ಸಂದು ಕಾಣುತ್ತಿರಲಿಲ್ಲ. ಬೆನ್ನಿಗೆ ಬೆತ್ತ ಸುತ್ತಿ ಅದನ್ನು ಮುಚ್ಚಿದ್ದರು. ನೋಡೋಕೆ ಚೆನ್ನಾಗಿಯೇ ಇತ್ತು. ಆದರೆ ವೆಗ್ನರ್‌ಗೆ ಅದು ಪೂರ್ತಿ ಒಪ್ಪಿಗೆ ಆಗಲಿಲ್ಲ. 1950ರಲ್ಲಿ ಬೆತ್ತ ತೆಗೆದರು. ಸಂದನ್ನು ಗರಗಸದ ಹಲ್ಲಿನ ಆಕಾರದಲ್ಲಿ ಮಾಡಿದರು. ಎರಡು ಕೈಯ ಬೆರಳುಗಳನ್ನು ಒಂದರೊಳಗೊಂದು ಹೆಣೆದ ಹಾಗೆ ಒಂದು ತುಂಡಿನ ಹಲ್ಲು ಇನ್ನೊಂದರ ಹಲ್ಲುಗಳ ನಡುವೆ ಹೋಗಿ ಕೂರುತ್ತದೆ. ಮೇಲಿನಿಂದ ನೋಡಿದರೆ ಆ ಅಂಕುಡೊಂಕು ಗೆರೆ ಸ್ಪಷ್ಟ. ಮುಚ್ಚಬೇಕಾಗಿದ್ದ ಜಾಗವೇ ಕುರ್ಚಿಯ ಗುರುತಾಯಿತು.

ಇದು ಬರೀ ಅಂದಕ್ಕೆ ಮಾಡಿದ್ದಲ್ಲ. ಮರದ ತುದಿಗೆ ತುದಿ ಅಂಟಿಸಿದರೆ ಹಿಡಿಯುವುದಿಲ್ಲ, ಯಾವ ಬಡಗಿಯನ್ನು ಕೇಳಿದರೂ ಹೇಳುತ್ತಾರೆ. ಮರದ ನಾರಿನ ಕೊಳವೆಗಳು ಅಂಟನ್ನು ಕುಡಿದುಬಿಡುತ್ತವೆ. ನಾರಿನ ಪಕ್ಕಕ್ಕೆ ಪಕ್ಕ ಅಂಟಿದರೆ ಮಾತ್ರ ಗಟ್ಟಿ. ಹಲ್ಲು ಕೊಯ್ದಾಗ ಆ ಪಕ್ಕದ ಜಾಗ ಎಷ್ಟೋ ಪಟ್ಟು ಹೆಚ್ಚಾಗುತ್ತದೆ.

ಆಮೇಲೆ ನಡೆದದ್ದು ಸಾಕಷ್ಟು ಜನರಿಗೆ ಗೊತ್ತು. 1950ರಲ್ಲಿ ಅಮೆರಿಕದ ಒಂದು ಒಳಾಂಗಣ ಪತ್ರಿಕೆ ಈ ಕುರ್ಚಿಯ ಬಗ್ಗೆ ಬರೆಯಿತು, ಅಲ್ಲಿ ಇದಕ್ಕೆ ಸುಮ್ನೆ 'ದಿ ಚೇರ್' ಅಂತಲೇ ಹೆಸರು ಬಿತ್ತು. ಷಿಕಾಗೋದ ಒಂದು ಕ್ಲಬ್ 400 ಕುರ್ಚಿ ಬೇಕು ಅಂತ ಕೇಳಿತು. ಒಂದೊಂದನ್ನೇ ಕೆತ್ತುವ ಕಾರ್ಯಾಗಾರಕ್ಕೆ ಅದು ಊಹಿಸಲಾಗದ ಸಂಖ್ಯೆ. 1960ರ ಸೆಪ್ಟೆಂಬರ್ 26ರಂದು ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಕೆನಡಿ ಮತ್ತು ನಿಕ್ಸನ್ ಟಿವಿಯಲ್ಲಿ ಮೊದಲ ಸಲ ಎದುರುಬದುರಾದಾಗ ಅವರು ಕೂತದ್ದು ಇದೇ ಕುರ್ಚಿಗಳ ಮೇಲೆ. ಯೊಹಾನೆಸ್ ಹಾನ್ಸೆನ್ ಕಾರ್ಯಾಗಾರ ಮುಚ್ಚಿದ ಮೇಲೆ, 1990ರ ದಶಕದ ಶುರುವಿನಿಂದ, ಇದನ್ನು ಪಿಪಿ ಮೊಬ್ಲರ್ ಎಂಬ ಡೆನ್ಮಾರ್ಕ್‌ನ ಕಾರ್ಯಾಗಾರ ಮಾಡುತ್ತಿದೆ. ಹಾಗಾಗಿ ಅಡಿಯಲ್ಲಿ ಯೊಹಾನೆಸ್ ಹಾನ್ಸೆನ್ ಮುದ್ರೆ ಇರುವ ಹಳೆ ಕುರ್ಚಿಗಳಿಗೆ ಬೇರೆಯದೇ ಬೆಲೆ.

ಬಂದ ಸ್ಥಿತಿ

ಮಾಲೀಕರಿಗೆ ಮನೆ ಹಿರಿಯರಿಂದ ನಾಲ್ಕು ಕುರ್ಚಿ ಬಂದಿದ್ದವು. ಎಲ್ಲವೂ ಸಾಗುವಾನಿ, ಬೆತ್ತ ಹೆಣೆದ ಆಸನ, ಅಡಿಯಲ್ಲಿ ಸುಟ್ಟು ಒತ್ತಿದ ಮುದ್ರೆ. ಮೂರು ಸರಿ ಇದ್ದವು. ನಾಲ್ಕನೆಯದರ ಬಲತೋಳು ಅಲ್ಲಾಡುತ್ತಿತ್ತು. ನಾಲ್ಕನ್ನೂ ಒಟ್ಟಿಗೆ ಮಾರುವ ಯೋಚನೆ ಅವರದ್ದು. ಇದೊಂದನ್ನು ಗಟ್ಟಿ ಮಾಡಿಕೊಡಿ, ಏನೂ ಆಗಿಲ್ಲ ಅನ್ನುವ ಹಾಗೆ ಕಾಣಬೇಕು ಅಂತ ಕೇಳಿದರು.

ತಿರುಗಿಸಿ ನೋಡಿದಾಗ ವಿಷಯ ಬೇರೆ ಇತ್ತು. ಯಾವಾಗಲೋ ಯಾರೋ ಒಂದು ಸಲ ರಿಪೇರಿ ಮಾಡಿದ್ದರು. ಬೆನ್ನಿನ ಅಡಿಭಾಗದಿಂದ ಓರೆಯಾಗಿ ಒಂದು ಕಬ್ಬಿಣದ ತಿರುಪು ಹೊಡೆದು, ಹಲ್ಲುಗಳನ್ನು ಅಡ್ಡ ದಾಟಿಸಿ, ತೋಳಿಗೆ ಬಿಗಿದಿದ್ದರು. ತಿರುಪಿನ ತಲೆ ಮುಚ್ಚೋಕೆ ಕಂದು ಬಣ್ಣದ ಪುಟ್ಟಿ. ಮೇಲೆ ಹಲ್ಲಿನ ಗೆರೆ ಬಿಟ್ಟುಕೊಂಡ ಕಡೆಯೂ ಅದೇ ಪುಟ್ಟಿ ತುಂಬಿ, ಉಪ್ಪುಕಾಗದದಿಂದ ಉಜ್ಜಿ, ಎಣ್ಣೆ ಬಳಿದಿದ್ದರು. ಸಂದು ಇರುವ ಮೂರು ಬೆರಳಗಲದಷ್ಟು ಜಾಗದಲ್ಲಿ ಮರ ಬೇರೆ ಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ಅಲ್ಲಿ ಸ್ವಲ್ಪ ತಗ್ಗು.

ತಿರುಪು ಹಾಕಿದ ಮೇಲೆ ಹಲ್ಲುಗಳಿಗೆ ಉಸಿರಾಡೋಕೆ ಜಾಗ ಇರಲಿಲ್ಲ. ಡೆನ್ಮಾರ್ಕ್‌ನ ಚಳಿಗಾಲದಲ್ಲಿ ಮನೆಯೊಳಗೆ ಹೀಟರ್ ಓಡುತ್ತಲೇ ಇರುತ್ತದೆ. ಗಾಳಿ ಒಣಗುತ್ತದೆ, ಮರ ಕುಗ್ಗುತ್ತದೆ. ಬೇಸಿಗೆಯಲ್ಲಿ ಮತ್ತೆ ಹಿಗ್ಗುತ್ತದೆ. ಕಬ್ಬಿಣ ಮರದ ಜೊತೆ ಕುಗ್ಗುವುದಿಲ್ಲ, ಹಿಗ್ಗುವುದಿಲ್ಲ. ಜೊತೆಗೆ ಜನ ಈ ಕುರ್ಚಿಯನ್ನು ಎತ್ತುವುದೇ ತೋಳು ಹಿಡಿದು. ಹೀಗೆ ವರ್ಷ ವರ್ಷ ಎಳೆದಾಡಿ ತಿರುಪಿನ ತೂತಿನಿಂದ ಒಂದು ಸೀಳು ಶುರುವಾಗಿ, ಒಂದು ಹಲ್ಲಿನ ಬುಡದವರೆಗೆ ಹೋಗಿತ್ತು. ಅಂದ್ರೆ ಸಂದು ಬಿಟ್ಟುಕೊಂಡದ್ದಕ್ಕಿಂತ ಅದನ್ನು ಸರಿಮಾಡಲು ಹೋದದ್ದೇ ಹೆಚ್ಚು ಹಾಳು ಮಾಡಿತ್ತು.

ಏನೇನು ಮಾಡಿ ನೋಡಿದೆವು

ಮೊದಲು ಪುಟ್ಟಿ. ಬಿಸಿ ಮತ್ತು ತೇವ ಕೊಟ್ಟು ನಿಧಾನಕ್ಕೆ ಕೆರೆದು ತೆಗೆದೆವು. ಹಳೆ ರಿಪೇರಿಯಲ್ಲಿ ಹಾಕಿದ್ದು ಸಾಮಾನ್ಯ ಬಿಳಿ ಅಂಟು ಅಂತ ಆಗ ಗೊತ್ತಾಯಿತು, ಬಿಸಿ ತಾಗಿದಾಗ ರಬ್ಬರಿನಂತೆ ಎಳೆ ಎಳೆಯಾಗಿ ಬಂತು. ಅದು ಒಳ್ಳೆಯ ಸುದ್ದಿ. ಎಪಾಕ್ಸಿ ಎಂಬ ರಾಸಾಯನಿಕ ಅಂಟು ಆಗಿದ್ದರೆ ಹಲ್ಲುಗಳನ್ನು ಬಿಡಿಸೋಕೆ ಮರವನ್ನೇ ಕತ್ತರಿಸಬೇಕಿತ್ತು.

ತಿರುಪು ಅಷ್ಟು ಸುಲಭಕ್ಕೆ ಬರಲಿಲ್ಲ. ಸೋಲ್ಡರಿಂಗ್ ಐರನ್‌ನ ತುದಿ ಇಟ್ಟು ಬಿಸಿ ಮಾಡಿ, ಸುತ್ತಲಿನ ಅಂಟು ಮೆತ್ತಗಾದ ಮೇಲೆ ತಿರುಗಿಸುವುದು ಎಲ್ಲರೂ ಮಾಡುವ ಉಪಾಯ. ತಲೆ ತಿರುಗಿತು, ಒಳಗಿನ ಅರ್ಧ ಹಾಗೇ ನಿಂತಿತು. ಯಾರೋ ಬಲವಾಗಿ ಬಿಗಿಯುವಾಗ ಅದು ಒಳಗೇ ತುಂಡಾಗಿತ್ತು ಅನ್ನಿಸುತ್ತದೆ.

ಇಲ್ಲಿ ಮೊದಲ ನಿಜವಾದ ನಿರ್ಧಾರ. ಆ ತುಂಡನ್ನು ಒಳಗೇ ಬಿಟ್ಟು ಸುತ್ತ ಅಂಟು ತುಂಬಿ ಬಿಗಿದುಬಿಡಬಹುದಿತ್ತು. ಮೇಲಿನಿಂದ ಏನೂ ಕಾಣುತ್ತಿರಲಿಲ್ಲ, ಮಾಲೀಕರು ಕೇಳಿದ್ದೂ ಅದನ್ನೇ. ಕೆಲಸವೂ ಬೇಗ ಮುಗಿಯುತ್ತಿತ್ತು. ಆದರೆ ತಿರುಪು ಹಲ್ಲುಗಳನ್ನು ಅಡ್ಡ ಹೊಲಿದು ಹಿಡಿದಿರುವವರೆಗೆ ಅವುಗಳನ್ನು ಬಿಡಿಸಿ ಶುಚಿ ಮಾಡುವ ಹಾಗಿಲ್ಲ. ಹಳೆ ಬಿಳಿ ಅಂಟಿನ ಮೇಲೆ ಹೊಸ ಅಂಟು ನಿಲ್ಲುವುದಿಲ್ಲ. ಇನ್ನು ಕೆಲವು ಚಳಿಗಾಲ ಕಳೆದರೆ ಮತ್ತೆ ಇದೇ ಸೀಳು ಮುಂದುವರಿಯುತ್ತದೆ. ಕೊನೆಗೆ ಬಾಯಲ್ಲಿ ಹಲ್ಲಿರುವ ಕೊಳವೆಯಂಥ ಡ್ರಿಲ್ ತುದಿಯಿಂದ, ಅಡಿಭಾಗದ ಕಡೆಯಿಂದ, ತಿರುಪಿನ ಸುತ್ತ ಮರ ಕೊರೆದು ತೆಗೆಯಲು ತೀರ್ಮಾನಿಸಿದೆವು. ಮಾಲೀಕರಿಗೆ ಫೋನ್ ಮಾಡಿ ಹೇಳಿದೆವು: ರಿಪೇರಿ ಮುಗಿದಾಗ ಅಡಿಯಲ್ಲಿ ಈಗಿರುವುದಕ್ಕಿಂತ ದೊಡ್ಡ ಗುರುತು ಇರುತ್ತದೆ. ಅವರು ಹಿಂಜರಿದರು. ಮೂರು ದಿನ ಬಿಟ್ಟು ಒಪ್ಪಿದರು.

ಆಮೇಲೆ ಸಂದು ಬಿಟ್ಟುಕೊಂಡಿತು. ಹಲ್ಲುಗಳನ್ನು ಬಿಡಿಯಾಗಿ ನೋಡಿದ್ದು ನನಗೆ ಇವತ್ತಿಗೂ ನೆನಪಿದೆ. ಒಳಗಿನ ಮರ, ಬೆಳಕು ಕಾಣದ ಜಾಗ, ತಿಳಿ ಚಿನ್ನದ ಬಣ್ಣ. ಹೊರಗಿನ ಮರ ದಶಕಗಳ ಬಿಸಿಲು, ಎಣ್ಣೆ, ಕೈಯ ಬೆವರು ಕುಡಿದು ಗಾಢ ಕಂದು. ಒಂದೊಂದು ಹಲ್ಲಿನ ಓರೆಯೂ ಎಷ್ಟು ಚೊಕ್ಕ ಅಂದ್ರೆ, ಅಂಟಿಲ್ಲದೆ ಕೈಯಿಂದ ಒತ್ತಿದರೂ ಎರಡು ತುಂಡು ಅಲ್ಲಾಡದೆ ಕೂರುತ್ತಿದ್ದವು. ಹಾಳಾಗಿದ್ದದ್ದು ತಿರುಪು ತೂರಿದ್ದ ಹಲ್ಲುಗಳು ಮಾತ್ರ.

ಅಂಟು ಯಾವುದು ಅನ್ನೋದರ ಬಗ್ಗೆ ಕಾರ್ಯಾಗಾರದಲ್ಲಿ ಎರಡು ಅಭಿಪ್ರಾಯ ಇದ್ದವು. ಸಾಗುವಾನಿ ಎಣ್ಣೆ ಮರ. ನಮ್ಮ ಕಡೆಯ ಬಡಗಿಗಳಿಗೂ ಇದು ಚೆನ್ನಾಗಿ ಗೊತ್ತು, ಅಂಟು ಇಟ್ಟರೆ ಜಾರುತ್ತದೆ. ಎಪಾಕ್ಸಿ ಆದರೆ ಗಟ್ಟಿಯಾಗಿ ಹಿಡಿಯುತ್ತದೆ ಅನ್ನೋದು ಒಂದು ವಾದ, ಅದು ಸುಳ್ಳೂ ಅಲ್ಲ. ಸರೇಸು ಹಾಕೋಣ ಅನ್ನೋದು ಇನ್ನೊಂದು. ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ಮಾಡುವ ಹಳೆ ಕಾಲದ ಅಂಟು. ಎಪಾಕ್ಸಿಯಷ್ಟು ಬಲ ಇಲ್ಲ, ನೀರು ಕಂಡರೆ ಆಗುವುದಿಲ್ಲ. ಆದರೆ ಮುಂದೆ ಯಾರಿಗಾದರೂ ಬಿಡಿಸಬೇಕಾದರೆ ಬಿಸಿ ಮತ್ತು ತೇವ ಕೊಟ್ಟರೆ ಸಾಕು, ಮರ ಹರಿಯದೆ ಬಿಡುತ್ತದೆ. ಹಲ್ಲುಗಳು ಇಷ್ಟು ಚೆನ್ನಾಗಿ ಕೂರುವಾಗ ಅಂಟಿಗೆ ಬಲ ಜಾಸ್ತಿ ಬೇಕಾಗಿಲ್ಲ ಅನ್ನೋದು ನನ್ನ ವಾದವೂ ಆಗಿತ್ತು. ಬಲ ಇರೋದು ಸಂದಿನ ಆಕಾರದಲ್ಲಿ. ಸರೇಸೇ ಗೆದ್ದಿತು.

ಬೇರೆ ಸಾಗುವಾನಿ ತುಂಡುಗಳಲ್ಲಿ ಅದೇ ಥರದ ಹಲ್ಲು ಕೊಯ್ದು ಪರೀಕ್ಷೆ ಮಾಡಿದೆವು. ಬಿಸಿ ಸರೇಸು ಅಷ್ಟು ಹಲ್ಲುಗಳಿಗೆ ಬಳಿದು ಮುಗಿಯುವ ಹೊತ್ತಿಗೆ ಮೊದಲು ಬಳಿದದ್ದು ತಣ್ಣಗಾಗಿ ಹೆಪ್ಪುಗಟ್ಟುತ್ತಿತ್ತು. ಹಾಗಾಗಿ ನಿಧಾನಕ್ಕೆ ಗಟ್ಟಿಯಾಗುವ ದ್ರವ ಸರೇಸು ತಂದೆವು, ಮರವನ್ನೂ ಸ್ವಲ್ಪ ಬೆಚ್ಚಗೆ ಮಾಡಿಕೊಂಡೆವು. ಅಂಟು ಹಾಕುವ ಮುಂಚೆ ಎಣ್ಣೆ ಹೋಗಲು ಅಸಿಟೋನ್ ಎಂಬ ದ್ರಾವಕದಿಂದ ಒರೆಸಿದ ತುಂಡು ಮತ್ತು ಒರೆಸದ ತುಂಡು ಎರಡನ್ನೂ ಒಣಗಿದ ಮೇಲೆ ಮುರಿದು ನೋಡಿದೆವು. ಒರೆಸದ್ದು ಅಂಟಿನ ಗೆರೆಯಲ್ಲೇ ಬಿಟ್ಟಿತು. ಒರೆಸಿದ್ದು ಮರ ಸೀಳಿಕೊಂಡು ಮುರಿಯಿತು.

ಇನ್ನೊಂದು ತೊಡಕು ಬಿಗಿಯುವುದು. ಈ ಕುರ್ಚಿಯ ತೋಳಿನಲ್ಲಿ ನೇರ ಅನ್ನುವ ಜಾಗವೇ ಇಲ್ಲ. ಬೆನ್ನಿನಲ್ಲಿ ಅಗಲವಾಗಿ ನಿಂತಿರುವ ಪಟ್ಟಿ, ತೋಳಿನ ಕಡೆ ಬರುತ್ತಾ ತಿರುಚಿಕೊಂಡು, ಕೈ ಇಡುವಲ್ಲಿ ಮಲಗುತ್ತದೆ. ಕ್ಲ್ಯಾಂಪ್ ಹಾಕಿದರೆ ಜಾರುತ್ತದೆ. ಸರಿ ಇದ್ದ ಇನ್ನೊಂದು ಕುರ್ಚಿಯ ಅಚ್ಚು ತೆಗೆದು, ಅದಕ್ಕೆ ಹೊಂದುವ ಮರದ ತುಂಡುಗಳನ್ನು ಕೆತ್ತಿ, ಒಳಗೆ ಕಾರ್ಕ್ ಹಾಳೆ ಅಂಟಿಸಿ, ಆ ತುಂಡುಗಳ ಮೇಲೆ ಕ್ಲ್ಯಾಂಪ್ ಹಾಕಿದೆವು. ಅಂಟುವ ಕೆಲಸಕ್ಕಿಂತ ಈ ತಯಾರಿಗೇ ಜಾಸ್ತಿ ಹೊತ್ತು ಹಿಡಿಯಿತು.

ಬೆತ್ತದ ಪ್ರಶ್ನೆ

ಸಂದು ಕೂಡಿತು, ಗಟ್ಟಿಯಾಯಿತು. ಹಾಳಾದ ಹಲ್ಲುಗಳ ಜಾಗಕ್ಕೆ, ಕೊರೆದ ತೂತಿಗೆ ಹಳೆ ಸಾಗುವಾನಿಯ ತುಂಡು ಕೂರಿಸುವುದು ಬಾಕಿ ಇತ್ತು. ಅಷ್ಟರಲ್ಲಿ ಮಾಲೀಕರು ಒಂದು ಹೊಸ ಸಲಹೆ ತಂದರು. 1949ರ ಮೊದಲ ಕುರ್ಚಿಗಳಲ್ಲಿ ಬೆನ್ನಿಗೆ ಬೆತ್ತ ಸುತ್ತಿದ್ದರು ಅಂತ ಅವರು ಓದಿದ್ದರು. ನಮ್ಮದಕ್ಕೂ ಬೆತ್ತ ಸುತ್ತಿಬಿಡಿ, ಎಲ್ಲ ಮುಚ್ಚಿಹೋಗುತ್ತದೆ, ವೆಗ್ನರ್ ಅವರೇ ಮಾಡಿದ್ದಲ್ವಾ, ತಪ್ಪೇನು ಅಂದರು.

ಈ ಪ್ರಶ್ನೆಯನ್ನು ಸುಲಭಕ್ಕೆ ತಳ್ಳಿಹಾಕುವ ಹಾಗಿರಲಿಲ್ಲ. ಬೆತ್ತ ಸುತ್ತಿದ ರೂಪ ನಿಜವಾಗಿಯೂ ಅವರದ್ದೇ. ನೋಡೋಕೆ ಸುಂದರ. ಬೆತ್ತ ಸುತ್ತಿದರೆ ಸಂದಿಗೆ ಸ್ವಲ್ಪ ಆಸರೆಯೂ ಆಗುತ್ತದೆ. ನಮ್ಮಲ್ಲೇ ಒಬ್ಬರು ಆ ಕಡೆ ವಾಲಿದರು. ಗಿರಾಕಿ ಕೇಳಿದ್ದನ್ನು ಮಾಡಿಕೊಡುವುದರಲ್ಲಿ ಏನು ತಪ್ಪು ಅನ್ನುವ ವಾದದಲ್ಲೂ ಅರ್ಥ ಇದೆ.

ನಾವು ಬೇಡ ಅಂದೆವು. ಕಾರಣ ಇಷ್ಟು. ಈ ಕುರ್ಚಿಯ ಸಂದು ಹಲ್ಲಿನದ್ದು, ಅಂದ್ರೆ ಬೆತ್ತ ಬಿಟ್ಟ ಮೇಲೆ ಮಾಡಿದ್ದು. ಅದರ ಮೇಲೆ ಬೆತ್ತ ಸುತ್ತಿದರೆ ಅದು ಆ ಕಾರ್ಯಾಗಾರದಿಂದ ಎಂದೂ ಹೊರಗೆ ಬರದಂಥ ಒಂದು ಕುರ್ಚಿ ಆಗಿಬಿಡುತ್ತದೆ. ಇವತ್ತು ನಮಗೆ, ಮಾಲೀಕರಿಗೆ ನಿಜ ಗೊತ್ತು. ಎರಡು ಕೈ ಬದಲಾದ ಮೇಲೆ ಯಾರಿಗೆ ಗೊತ್ತಿರುತ್ತದೆ? ಮೊದಲ ವರ್ಷದ ಅಪರೂಪದ ಕುರ್ಚಿ ಅಂತ ಯಾರೋ ಮಾರುತ್ತಾರೆ, ಯಾರೋ ನಂಬಿ ಕೊಳ್ಳುತ್ತಾರೆ. ಇನ್ನೊಂದು ವಿಷಯ ನನ್ನನ್ನು ತುಂಬಾ ಕಾಡಿತು. ವೆಗ್ನರ್ ಬೆತ್ತ ಬಿಟ್ಟದ್ದು ಖರ್ಚು ಉಳಿಸೋಕೆ ಅಂತ ನನಗೆ ಅನ್ನಿಸುವುದಿಲ್ಲ, ಹಾಗಿದ್ದರೆ ಇಷ್ಟು ಕಷ್ಟದ ಹಲ್ಲಿನ ಸಂದು ಮಾಡುತ್ತಲೇ ಇರಲಿಲ್ಲ. ಕೆಲಸವನ್ನು ಬಚ್ಚಿಡದೆ ಎಲ್ಲರ ಕಣ್ಣಿಗೆ ಬೀಳುವಷ್ಟು ಚೆನ್ನಾಗಿ ಮಾಡಿದ ಮನುಷ್ಯನ ಕುರ್ಚಿ ಅದು. ಅದರ ಮೇಲೆ, ನಮ್ಮ ರಿಪೇರಿ ಮುಚ್ಚೋಕೆ, ಅವರೇ ತೆಗೆದುಹಾಕಿದ ಬೆತ್ತವನ್ನು ವಾಪಸ್ ಸುತ್ತುವುದು ಸರಿ ಅನ್ನಿಸಲಿಲ್ಲ.

ಬದಲಿಗೆ ನಾವು ಮಾಡಿದ್ದು ಹೀಗೆ. ಮೇಲ್ಭಾಗದಲ್ಲಿ ಹಾಳಾದ ಹಲ್ಲುಗಳ ತುದಿಗೆ ಹಳೆ ಸಾಗುವಾನಿ ತುಂಡು ಕೂರಿಸಿದೆವು. ನಾರಿನ ದಿಕ್ಕು ಹೊಂದಿಸಿದೆವು, ಗೆರೆ ಮೊದಲಿನ ಹಾಗೇ ಓಡುವಂತೆ ನೋಡಿಕೊಂಡೆವು. ಬಣ್ಣ ಬಳಿದು ಹೊಂದಿಸಲಿಲ್ಲ. ಅಡಿಭಾಗದ ದೊಡ್ಡ ತೂತಿಗೆ ವಜ್ರದಾಕಾರದ ತೇಪೆ. ಅದು ಸುತ್ತಲಿನ ಮರಕ್ಕಿಂತ ಸ್ವಲ್ಪ ತಿಳಿ. ಕೈ ಆಡಿಸಿದರೆ ಗೊತ್ತಾಗುವುದಿಲ್ಲ, ಕುರ್ಚಿ ತಲೆಕೆಳಗೆ ಮಾಡಿ ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಹಿಂದಿನವರು ಉಜ್ಜಿ ತಗ್ಗು ಮಾಡಿದ್ದ ಜಾಗವನ್ನು ಸಮ ಮಾಡೋಕೆ ಹೋಗಲಿಲ್ಲ. ಅದನ್ನು ಸಮ ಮಾಡಬೇಕಾದರೆ ಸುತ್ತಲಿನ ಒಳ್ಳೆ ಮರವನ್ನೂ ಉಜ್ಜಬೇಕಿತ್ತು. ಏನು ತೆಗೆದೆವು, ಏನು ಹಾಕಿದೆವು, ಯಾವ ಅಂಟು ಅಂತ ಫೋಟೋ ಸಮೇತ ಒಂದು ಹಾಳೆ ಬರೆದು ಕೊಟ್ಟೆವು.

ಆದದ್ದು

ಮಾಲೀಕರಿಗೆ ಪೂರ್ತಿ ಸಮಾಧಾನ ಆಗಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಏನೂ ಆಗಿಲ್ಲ ಅನ್ನುವ ಹಾಗೆ ಕಾಣಬೇಕು ಅಂತ ಕೇಳಿದ್ದರು, ಸಿಕ್ಕಿದ್ದು ಏನಾಗಿದೆ ಅಂತ ಹೇಳುವ ಕುರ್ಚಿ. ನಾಲ್ಕನ್ನೂ ಒಟ್ಟಿಗೆ ಮಾರಲು ಇಟ್ಟಾಗ ಕೊಳ್ಳುವವರು ರಿಪೇರಿಯ ಬಗ್ಗೆ ಕೇಳಿದರು, ಮಾಲೀಕರು ಹಾಳೆ ತೋರಿಸಿದರು. ಆ ಒಂದು ಕುರ್ಚಿಗೆ ಬೆಲೆ ಕಡಿಮೆ ಬಂತು. ಉಳಿದ ಮೂರರ ಬಗ್ಗೆ ಮಾತ್ರ ಕೊಂಡವರು ಹೆಚ್ಚು ಚೌಕಾಸಿ ಮಾಡಲಿಲ್ಲ. ಒಂದರ ದೋಷವನ್ನು ಇಷ್ಟು ಬಿಚ್ಚಿ ಹೇಳಿದವರು ಉಳಿದವುಗಳ ಬಗ್ಗೆ ಸುಳ್ಳು ಹೇಳಿರಲಾರರು ಅಂತ ಅವರಿಗೆ ಅನ್ನಿಸಿತಂತೆ.

ಹಳೆ ಕುರ್ಚಿ ಇರುವವರಿಗೆ ಈ ಪ್ರಕರಣದಿಂದ ಎರಡು ಮಾತು ಹೇಳಬಹುದು. ತೋಳು ಅಲ್ಲಾಡಲು ಶುರುವಾದ ದಿನವೇ ಅದರ ಮೇಲೆ ಕೂರುವುದು, ತೋಳು ಹಿಡಿದು ಎತ್ತುವುದು ನಿಲ್ಲಿಸಿ, ಆಸನದ ಪಟ್ಟಿ ಹಿಡಿದು ಎತ್ತಿ. ಬರೀ ಅಂಟು ಬಿಟ್ಟ ಸಂದು ಸಣ್ಣ ಕೆಲಸ, ತಿರುಪು ಹೊಡೆದ ಸಂದು ದೊಡ್ಡ ಕೆಲಸ. ರಿಪೇರಿಗೆ ಕೊಡುವಾಗ ಯಾವ ಅಂಟು ಹಾಕುತ್ತೀರಿ, ಮುಂದೆ ಅದನ್ನು ಬಿಡಿಸಲು ಆಗುತ್ತದಾ ಅಂತ ಕೇಳಿ. ಆ ಪ್ರಶ್ನೆಗೆ ಸಿಟ್ಟಾಗುವವರ ಹತ್ತಿರ ಕೊಡಬೇಡಿ.

ಒಂದು ಚಳಿಗಾಲ ಕಳೆದ ಮೇಲೆ ಹೊಸ ಮಾಲೀಕರು ಕುರ್ಚಿಯನ್ನು ತಪಾಸಣೆಗೆ ತಂದರು. ಸಂದು ಬಿಗಿಯಾಗಿತ್ತು. ಅಡಿಯ ತೇಪೆ ಕೂದಲೆಳೆಯಷ್ಟು ಮೇಲೆದ್ದಿತ್ತು. ಹೊಸ ತುಂಡು ಸುತ್ತಲಿನ ಮರಕ್ಕೆ ಹೊಂದಿಕೊಳ್ಳುವಾಗ ಹೀಗಾಗುತ್ತದೆ. ಅದನ್ನು ಉಜ್ಜದೆ ಬಿಟ್ಟೆವು. ಅವರ ಜೊತೆ ಇನ್ನೊಂದು ಕುರ್ಚಿಯೂ ಬಂದಿತ್ತು, ಸರಿ ಇದ್ದ ಮೂರರಲ್ಲಿ ಒಂದು. ಎಡಗಡೆಯ ಹಲ್ಲಿನ ಗೆರೆಯಲ್ಲಿ ಉಗುರು ತಾಗುವಷ್ಟು ಸಣ್ಣ ಬಿರುಕು. ಅದಕ್ಕೆ ಯಾರೂ ಕೈ ಹಚ್ಚಿರಲಿಲ್ಲ. ಹಳೆ ಅಂಟು ತೆಗೆದು, ಅದೇ ಅಚ್ಚಿನ ತುಂಡುಗಳನ್ನು ಮತ್ತೆ ಬಳಸಿ, ಸರೇಸು ಹಾಕಿ ಬಿಗಿದೆವು. ಈ ಸಲ ತೇಪೆ ಬೇಕಾಗಲಿಲ್ಲ.